ಬೋರಿನ ನೀರಿಗೆ ಸಮುದ್ರದ ಮಾಪಕ

ಹಿಂದೆ ಕಾಲೇಜಿನ ಪ್ರಯೋಗಶಾಲೆಯ ಕಪಾಟಿನಲ್ಲಿ ಮಾತ್ರ ಕಾಣಸಿಗುತ್ತಿದ್ದ ಎಷ್ಟೋ ಉಪಕರಣಗಳು ಈಗ ರೈತರ ಜೇಬಿನಲ್ಲಿವೆ. ಮೊಬೈಲಿನಲ್ಲಿ ಚಿತ್ರ ನೋಡಿ ಹಣ ಕಳಿಸಿದರೆ ನಾಲ್ಕು ದಿನಗಳಲ್ಲಿ ಡಬ್ಬಿ ಮನೆ ಬಾಗಿಲಿಗೆ ಬರುತ್ತದೆ. ಇದು ಸಂತೋಷದ ಸಂಗತಿಯೇ. ಅಳತೆ ಮಾಡಿ ಬೇಸಾಯ ಮಾಡಿರೆಂದು ನಾವು ಹೇಳುತ್ತ ಬಂದದ್ದನ್ನು ರೈತರು ಮನಸ್ಸಿಗೆ ಹಚ್ಚಿಕೊಂಡಿದ್ದಾರೆಂದೇ ಇದರ ಅರ್ಥ. ಆದರೆ ಅಳೆಯುವ ಮೊದಲು ಯಾವುದರಿಂದ ಅಳೆಯಬೇಕೆಂಬ ವಿಚಾರವೂ ಆಗಬೇಕು. ಹುಲಕೋಟಿ ಸುತ್ತಿನ ಕೆಲವು ಊರುಗಳಲ್ಲಿ ಕೊಳವೆ ಬಾವಿಯ ನೀರಿನ ಸವಳನ್ನು ತಿಳಿಯಲು ಉಪ್ಪಿನ ರಿಫ್ರ್ಯಾಕ್ಟೋಮೀಟರ್ ತರಿಸಿಕೊಂಡವರನ್ನು ಕಂಡಿದ್ದೇನೆ. ಈ ಕೆಲಸಕ್ಕೆ ಆ ಉಪಕರಣ ತಕ್ಕುದಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಾವಿರ-ಎರಡು ಸಾವಿರ ರೂಪಾಯಿ ವ್ಯರ್ಥವಾಗುವುದು ಸಣ್ಣ ಮಾತು. ಅದು ತೋರಿಸುವ ಅಂಕಿಯನ್ನು ನಂಬಿ ನೀರು ಹಾಯಿಸಿದರೆ ಹೊಲವೇ ಕೆಡುತ್ತದೆ.

ಒಬ್ಬ ರೈತರು ಈ ಉಪಕರಣವನ್ನು ನನ್ನ ಕೈಗಿತ್ತು ಕೇಳಿದರು: "ಸಾಹೇಬ್ರ, ಇದು ಒಂದ ಗೆರಿ ಸುದ್ದಾ ಸರಿಯಾಗಿ ಏರವಲ್ದು ನೋಡ್ರಿ. ಹಂಗಾದ್ರ ನಮ್ಮ ನೀರ ಸಿಹಿನ ಐತಿ ಅಂದಂಗಾತಲ್ರಿ?" ಅವರ ಉಳ್ಳಾಗಡ್ಡಿಯ ಎಲೆಗಳ ತುದಿ ಸುಟ್ಟಂತೆ ಒಣಗಿದ್ದವು. ಮಡಿಯ ಬದುವಿನಲ್ಲಿ ಬೆಳ್ಳನೆಯ ಪುಡಿ ಕೂತಿತ್ತು. ಗಡ್ಡೆಯೂ ಗಾತ್ರ ಹಿಡಿದಿರಲಿಲ್ಲ. ಆದರೂ ಮಾಪಕ ಸೊನ್ನೆಯ ಆಸುಪಾಸಿನಲ್ಲೇ ನಿಂತಿತ್ತು. ಮಾಪಕವೇನೂ ಕೆಟ್ಟಿರಲಿಲ್ಲ. ಅದು ಮಾಡಬಲ್ಲ ಕೆಲಸವೇ ಬೇರೆ.

ರಿಫ್ರ್ಯಾಕ್ಟೋಮೀಟರ್ ಎಂದರೆ ಬೆಳಕು ಎಷ್ಟು ಬಾಗುತ್ತದೆಂಬುದನ್ನು ನೋಡುವ ಸಾಧನ. ತುಂಬಿದ ಬಕೆಟ್ಟಿನಲ್ಲಿ ಕೋಲು ಇಟ್ಟರೆ ಅದು ನೀರಿನ ಮಟ್ಟದಲ್ಲಿ ಮುರಿದಂತೆ ಕಾಣುವುದನ್ನು ಎಲ್ಲರೂ ನೋಡಿದ್ದಾರೆ. ನೀರಿನಲ್ಲಿ ಉಪ್ಪಾಗಲಿ ಸಕ್ಕರೆಯಾಗಲಿ ಕರಗಿದ್ದರೆ ಬೆಳಕು ಇನ್ನಷ್ಟು ಬಾಗುತ್ತದೆ. ಗಾಜಿನ ಪಟ್ಟಕದ ಮೇಲೆ ಎರಡು ಹನಿ ಹಾಕಿ, ಮುಚ್ಚಳ ಒತ್ತಿ, ಬೆಳಕಿನತ್ತ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ ಬಣ್ಣ ಕಾಣುತ್ತದೆ. ಎರಡೂ ಕೂಡುವ ಗೆರೆ ಎಲ್ಲಿ ನಿಂತಿದೆಯೋ ಅದೇ ಅಳತೆ. ಬ್ಯಾಟರಿ ಬೇಕಿಲ್ಲ, ರಾಸಾಯನಿಕ ಬೇಕಿಲ್ಲ. ಜರ್ಮನಿಯ ಯೇನಾ ನಗರದ ಅರ್ನ್ಸ್ಟ್ ಅಬ್ಬೆ ಎಂಬ ವಿಜ್ಞಾನಿ 1874ರಲ್ಲಿಯೇ ಇದರ ತತ್ವವನ್ನೂ ಉಪಕರಣವನ್ನೂ ವಿವರಿಸಿ ಬರೆದರು. ಇಂದು ಗೇಣುದ್ದದ ಕೊಳವೆಯೊಳಗೆ ಅಡಗಿರುವುದೂ ಅದೇ ತತ್ವ.

ಆ ರೈತರು ತಂದ ಡಬ್ಬಿಯ ಮೇಲೆ ಬಣ್ಣದ ಮೀನಿನ ಚಿತ್ರವಿತ್ತು. ಚಿತ್ರ ನಿಜವನ್ನೇ ಹೇಳುತ್ತಿತ್ತು. ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಸಮುದ್ರದ ಮೀನು, ಹವಳ ಸಾಕುವವರಿಗಾಗಿ ಈ ಉಪಕರಣ ತಯಾರಾಗಿದೆ. ಸಮುದ್ರದ ನೀರಿನಲ್ಲಿ ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಾಪಕದ ಪಟ್ಟಿ ಸೊನ್ನೆಯಿಂದ 100 ಗ್ರಾಮಿನವರೆಗೆ, ಒಂದೊಂದು ಗೆರೆಗೆ ಒಂದು ಗ್ರಾಂ. ತಯಾರಕರೇ ಒಂದು ಗೆರೆ ಹೆಚ್ಚು-ಕಡಿಮೆ ಆಗಬಹುದೆಂದು ಒಪ್ಪುತ್ತಾರೆ. 35ರಲ್ಲಿ ಒಂದು ಅತ್ತಿತ್ತ ಆದರೆ ಮೀನು ಸಾಯುವುದಿಲ್ಲ. ನಮ್ಮ ರಾಜ್ಯದಲ್ಲಿ ಈ ಮಾಪಕಕ್ಕೆ ಯೋಗ್ಯ ಸ್ಥಳವಿದ್ದರೆ ಅದು ಕರಾವಳಿ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆದು, ಆಮೇಲೆ ಉಪ್ಪು ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ಸಿಗಡಿಗೆ 10ರಿಂದ 25 ಗ್ರಾಮಿನ ನೀರು ಹಿತವೆನ್ನುವಾಗ ಈ ಗೆರೆಗಳು ಚೆನ್ನಾಗಿ ಉಪಯೋಗಕ್ಕೆ ಬರುತ್ತವೆ. ಅದೇ ಉಪಕರಣವನ್ನು ಮಾರಾಟಗಾರರು "ಕೃಷಿ ನೀರಿಗೂ ಆಗುತ್ತದೆ" ಎಂಬ ಒಂದು ಸಾಲು ಸೇರಿಸಿ ಗದಗ ಜಿಲ್ಲೆಗೂ ಮಾರುತ್ತಾರೆ. ತೊಂದರೆ ಇರುವುದು ಆ ಒಂದು ಸಾಲಿನಲ್ಲಿ.

ನಮ್ಮ ಲೆಕ್ಕವೇ ಬೇರೆ. ನೀರಾವರಿ ನೀರಿನ ಉಪ್ಪನ್ನು ನಾವು ವಿದ್ಯುತ್ ವಾಹಕತೆಯಿಂದ, ಅಂದರೆ ಇ.ಸಿ. ಎಂಬ ಅಂಕಿಯಿಂದ ಅಳೆಯುತ್ತೇವೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇದನ್ನು ಡೆಸಿಸೈಮನ್ಸ್ ಎಂದು ಬರೆದಿರುತ್ತಾರೆ. ಒಂದು ಡೆಸಿಸೈಮನ್ಸ್ ಎಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಉಪ್ಪು. ಸಮುದ್ರದ ನೀರಿನ ಇ.ಸಿ. 50ರ ಆಸುಪಾಸಿನಲ್ಲಿರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರಲ್ಲಿ ಪ್ರಕಟಿಸಿ 1985ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯ ಪ್ರಕಾರ ಇ.ಸಿ. 0.7ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 3 ದಾಟಿದರೆ ಆ ನೀರಿನ ಬಳಕೆಗೆ ಕಟ್ಟುನಿಟ್ಟಿನ ನಿರ್ಬಂಧ ಬೇಕು. ಈ 3 ಎಂಬುದನ್ನು ಗ್ರಾಮಿಗೆ ತಿರುಗಿಸಿ ನೋಡಿರಿ. ಲೀಟರಿಗೆ 1.9 ಗ್ರಾಂ ಆಗುತ್ತದೆ. ರಿಫ್ರ್ಯಾಕ್ಟೋಮೀಟರಿನ ನೂರು ಗೆರೆಗಳಲ್ಲಿ ಇದು ಎರಡು ಗೆರೆಯೂ ಅಲ್ಲ. ಅದರಲ್ಲಿ ಒಂದು ಗೆರೆ ತಪ್ಪಲು ತಯಾರಕರೇ ಅವಕಾಶ ಇಟ್ಟುಕೊಂಡಿದ್ದಾರೆ! ಒಳ್ಳೆಯ ನೀರಿಗೂ ಬೆಳೆ ಕೊಲ್ಲುವ ನೀರಿಗೂ ಈ ಮಾಪಕ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ. ದವಸ ತೂಗುವ ಕಾಟಾದಲ್ಲಿ ಮೂಗುತಿ ತೂಗಿದಂತೆ.

ಈ ಎರಡು ಗೆರೆಯೊಳಗೆ ನಮ್ಮ ಬೆಳೆಗಳ ಹಣೆಬರಹವೆಲ್ಲ ಅಡಗಿದೆ. ಅದೇ ಮಾರ್ಗದರ್ಶಿಯಲ್ಲಿ ಇಳುವರಿ ಕಡಿಮೆಯಾಗದಂತೆ ಯಾವ ಬೆಳೆಗೆ ಎಷ್ಟು ಇ.ಸಿ. ನೀರು ನಡೆಯುತ್ತದೆಂಬ ಪಟ್ಟಿಯಿದೆ. ಹತ್ತಿಗೆ 5.1, ಜೋಳಕ್ಕೆ 4.5, ಗೋಧಿಗೆ 4.0, ಶೇಂಗಾಕ್ಕೆ 2.1, ಗೋವಿನಜೋಳಕ್ಕೂ ಕಬ್ಬಿಗೂ 1.1, ಮೆಣಸಿನಕಾಯಿ ಜಾತಿಗೆ 1.0, ಉಳ್ಳಾಗಡ್ಡಿಗೆ ಬರೀ 0.8. ಉಳ್ಳಾಗಡ್ಡಿಗೆ ಹಾಯಿಸುವ ನೀರಿನ ಇ.ಸಿ. 2.9ಕ್ಕೆ ಮುಟ್ಟಿದರೆ ಇಳುವರಿ ಅರ್ಧಕ್ಕೆ ಇಳಿಯುತ್ತದೆ. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲದಲ್ಲಿ ಬೋರು ಬಿದ್ದ ಮೇಲೆ ಉಳ್ಳಾಗಡ್ಡಿ, ಮೆಣಸಿನಗಿಡಕ್ಕೆ ಕೈಹಾಕಿದವರು ನಮ್ಮಲ್ಲಿ ಬಹಳ. ಸವಳನ್ನು ತಡೆದುಕೊಳ್ಳುವ ಬೆಳೆ ಬಿಟ್ಟು ತಡೆಯಲಾರದ ಬೆಳೆಗೆ ಬಂದೆವೆಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. "ಇದೇ ನೀರಿಗೆ ಜ್ವಾಳ ಎಷ್ಟ ಚಲೋ ಬಂದಿತ್ತು" ಎಂದು ಅವರು ಹೇಳುವುದು ಸುಳ್ಳೂ ಅಲ್ಲ.

ಮೇಲಿನ ಅಂಕಿಗಳು ನೀರು ಸರಾಗವಾಗಿ ಬಸಿದು ಹೋಗುವ ಭೂಮಿಗೆ ಹೇಳಿದವು. ನಮ್ಮ ಆಳವಾದ ಎರೆ ಭೂಮಿಗೆ ಇನ್ನೂ ಬಿಗಿಯಾದ ಲೆಕ್ಕ ಬೇಕು. ಇ.ಸಿ. 3 ಇರುವ ನೀರನ್ನು ಎಕರೆಗೆ ಒಂದು ಅಂಗುಲ ಹಾಯಿಸಿದರೆ ಸುಮಾರು ಒಂದು ಲಕ್ಷ ಲೀಟರ್ ನೀರಿನೊಂದಿಗೆ ಸುಮಾರು ಎರಡು ಕ್ವಿಂಟಲ್ ಉಪ್ಪನ್ನೂ ಹೊಲಕ್ಕೆ ಸುರಿದಂತಾಯಿತು. ಬೆಳೆ ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪು ಮಾತ್ರ ಅಲ್ಲೇ ಕೂಡುತ್ತದೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನ ನಮ್ಮ ಮಳೆ ಅದನ್ನು ತೊಳೆದೀತೆಂದು ನಂಬುವಂತಿಲ್ಲ. ಮಸಾರಿಯಲ್ಲಿ ಒಂದಿಷ್ಟು ತೊಳೆದೀತು. ಎರೆಯಲ್ಲಿ ಮೊದಲ ಮಳೆಗೆ ಬಿರುಕು ಮುಚ್ಚಿತೆಂದರೆ ನೀರು ಕೆಳಗಿಳಿಯುವುದೇ ಕಷ್ಟ.

ಹಾಗಾದರೆ ಏನು ಕೊಳ್ಳಬೇಕು? ಪೆನ್ನಿನ ಆಕಾರದ ಇ.ಸಿ. ಮಾಪಕ. ಅದರ ತುದಿಯಲ್ಲಿರುವ ಎರಡು ಲೋಹದ ಕಡ್ಡಿಗಳ ನಡುವೆ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆಂಬುದರಿಂದ ಉಪ್ಪನ್ನು ಲೆಕ್ಕ ಹಾಕುತ್ತದೆ. ರಿಫ್ರ್ಯಾಕ್ಟೋಮೀಟರ್ ಕುರುಡಾಗುವ ಕಡಿಮೆ ಉಪ್ಪಿನಲ್ಲಿಯೇ ಇದರ ಕಣ್ಣು ಚುರುಕು. ಆದರೆ ಇಲ್ಲಿಯೂ ಒಂದು ತೊಡಕಿದೆ. ಕುಡಿಯುವ ನೀರಿನ ಯಂತ್ರ ಕೂಡಿಸುವವರ ಕೈಯಲ್ಲಿರುವ, ಕೆಲವು ನೂರು ರೂಪಾಯಿಗೆ ಸಿಗುವ ಟಿ.ಡಿ.ಎಸ್. ಪೆನ್ನು ಅಳೆಯುವುದು ಇ.ಸಿ.ಯನ್ನೇ. ಆಮೇಲೆ ಒಳಗೇ ಗುಣಿಸಿ ಉಪ್ಪಿನ ಅಂಕಿ ತೋರಿಸುತ್ತದೆ. ಒಂದು ತಯಾರಿಕೆ 0.5ರಿಂದ ಗುಣಿಸುತ್ತದೆ, ಇನ್ನೊಂದು 0.7ರಿಂದ. ಒಂದೇ ಬಾವಿಯ ನೀರು ಒಂದರಲ್ಲಿ 1000, ಮತ್ತೊಂದರಲ್ಲಿ 1400! ಬಾಜೂ ಹೊಲದವರು ತಮ್ಮ ತಮ್ಮ ಪೆನ್ನು ಹಿಡಿದು ವಾದಿಸುವುದಕ್ಕೆ ಇಷ್ಟು ಸಾಕು. ಆದ್ದರಿಂದ ನೇರವಾಗಿ ಇ.ಸಿ. ತೋರಿಸುವ ಪೆನ್ನನ್ನೇ ಕೇಳಿ ಪಡೆಯಬೇಕು. ಉಷ್ಣತೆಯ ಹೊಂದಾಣಿಕೆ ಇದೆಯೇ ಎಂದೂ ಕೇಳಬೇಕು. ನೀರು ಒಂದು ಡಿಗ್ರಿ ಬಿಸಿಯಾದರೆ ಇ.ಸಿ. ನೂರಕ್ಕೆ ಎರಡರಷ್ಟು ಏರುತ್ತದೆ. ಬೇಸಿಗೆಯ ಮಧ್ಯಾಹ್ನ ಪೈಪಿನಲ್ಲಿ ಕಾದ ನೀರಿಗೂ ಬೆಳಗಿನ ನೀರಿಗೂ ಹೊಂದಾಣಿಕೆಯಿಲ್ಲದ ಪೆನ್ನು ಬೇರೆ ಬೇರೆ ಅಂಕಿ ಕೊಡುತ್ತದೆ.

ಬೆಲೆ ಹೆಚ್ಚಾದಷ್ಟು ಅಳತೆ ಸರಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನನಗೆ ಇದು ಒಪ್ಪಿಗೆಯಿಲ್ಲ. ಕಡಿಮೆ ಬೆಲೆಯ ಮಾಪಕವನ್ನು ಆಗಾಗ ತಿಳಿದ ದ್ರಾವಣದಲ್ಲಿ ಪರೀಕ್ಷಿಸಿದರೆ, ಪರೀಕ್ಷೆಯನ್ನೇ ಕಾಣದ ಹೆಚ್ಚಿನ ಬೆಲೆಯ ಮಾಪಕಕ್ಕಿಂತ ಅದು ನಂಬಿಗಸ್ತ. ಇ.ಸಿ. ಪೆನ್ನಿಗೆ 1.413 ಎಂಬ ಅಂಕಿಯ ದ್ರಾವಣ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಭಟ್ಟಿ ಇಳಿಸಿದ ನೀರಿನಲ್ಲಿ ಲೀಟರಿಗೆ 0.746 ಗ್ರಾಂ ಶುದ್ಧ ಪೊಟ್ಯಾಸಿಯಂ ಕ್ಲೋರೈಡ್ ಕರಗಿಸಿದರೂ ಅದೇ ದ್ರಾವಣ. ಹತ್ತಿರದ ಪ್ರಯೋಗಶಾಲೆಯವರು ಕ್ಷಣದಲ್ಲಿ ಮಾಡಿಕೊಟ್ಟಾರು. ಗೊಬ್ಬರದ ಅಂಗಡಿಯ ಪೊಟ್ಯಾಷ್ ಕೂಡ ಹೆಸರಿಗೆ ಇದೇ ಉಪ್ಪು, ಆದರೆ ಶುದ್ಧವಲ್ಲ. ಅದರಿಂದ ಮಾಡಹೋಗಬೇಡಿರಿ. ಪೆನ್ನು ಕೊಳ್ಳುವಾಗ ದ್ರಾವಣವನ್ನೂ ಜೊತೆಗೆ ಕೊಳ್ಳಲು ಹಣ ಸಾಲದಿದ್ದರೆ ಇನ್ನೂ ಅಗ್ಗದ ಪೆನ್ನು ಕೊಂಡು ದ್ರಾವಣ ಕೊಳ್ಳಿರಿ ಎಂದೇ ನಾನು ಹೇಳುತ್ತೇನೆ.

ರಿಫ್ರ್ಯಾಕ್ಟೋಮೀಟರ್ ನಿಜವಾಗಿ ಬೇಕಾದವರಿಗೂ ಈ ಮಾತು ಅನ್ವಯಿಸುತ್ತದೆ. ಅಂಥವರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ. ತುಂಗಭದ್ರೆಯ ದಂಡೆಗೆ ಮುಂಡರಗಿ ತಾಲೂಕಿನಲ್ಲಿ ಕಬ್ಬು ಬೆಳೆಯುವವರಿಗೆ ಸಕ್ಕರೆಯ ರಿಫ್ರ್ಯಾಕ್ಟೋಮೀಟರ್ ಒಳ್ಳೆಯ ಸಂಗಾತಿ. ಸೊನ್ನೆಯಿಂದ 32 ಬ್ರಿಕ್ಸ್ ಪಟ್ಟಿ, ಗೆರೆಗೆ 0.2. ಕಬ್ಬಿನ ಬುಡದ ಗಣಿಕೆಯ ರಸಕ್ಕೂ ತುದಿಯ ಗಣಿಕೆಯ ರಸಕ್ಕೂ ಹೆಚ್ಚು ಅಂತರ ಉಳಿಯದೆ, 18ರ ಮೇಲೆ ಬ್ರಿಕ್ಸ್ ಬಂದರೆ ಕಬ್ಬು ಕಡಿಯಲು ಪಕ್ವವಾಯಿತೆಂದು ತಿಳಿಯಬಹುದು. ಕಾರ್ಖಾನೆಯ ಕಡಿತದ ಸರದಿ ತಡವಾದಾಗ ನಿಮ್ಮ ಕೈಯಲ್ಲಿ ನಿಮ್ಮದೇ ಅಂಕಿ ಇದ್ದರೆ ಮಾತಿಗೆ ಬಲ ಬರುತ್ತದೆ. ಆದರೆ ಆ ಅಂಕಿ ಸರಿಯಿರಬೇಕು.

ಸಾಮಾನ್ಯವಾಗಿ ಡಬ್ಬಿಯ ಚೀಟಿಯಲ್ಲಿ ಬರೆದಿರುವುದು ಇಷ್ಟೇ: ಭಟ್ಟಿ ಇಳಿಸಿದ ನೀರು ಹಾಕಿ, ತಿರುಪು ತಿರುಗಿಸಿ, ಗೆರೆಯನ್ನು ಸೊನ್ನೆಗೆ ತನ್ನಿರಿ. ಇದು ಅರ್ಧ ಪರೀಕ್ಷೆ. ಸೊನ್ನೆಯಲ್ಲಿ ಸರಿಯಿದ್ದ ಮಾಪಕ ಮೇಲೇರಿದಂತೆ ಎರಡು-ಮೂರು ಗೆರೆ ತಪ್ಪುವುದು ಉಂಟು. ನೀವು ಓದಬೇಕಾದ ಅಂಕಿಯ ಸಮೀಪದಲ್ಲಿಯೇ ಪರೀಕ್ಷೆ ಆಗಬೇಕು. ಕಬ್ಬಿನವರು 20 ಗ್ರಾಂ ಸಕ್ಕರೆಯನ್ನು 80 ಗ್ರಾಂ ಭಟ್ಟಿ ನೀರಿನಲ್ಲಿ ಕರಗಿಸಿದರೆ 20 ಬ್ರಿಕ್ಸ್ ಆಗುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿಕೊಂಡರೆ ಆಯಿತು. ಚಮಚೆಯ ಅಳತೆ ನಡೆಯದು. ಸಮುದ್ರದ ಮೀನು ಸಾಕುವವರು, ಸಿಗಡಿಯವರು 36.5 ಗ್ರಾಂ ಒಣ ಅಡಿಗೆ ಉಪ್ಪನ್ನು 963.5 ಗ್ರಾಂ ಭಟ್ಟಿ ನೀರಿನಲ್ಲಿ ಕರಗಿಸಬೇಕು. ಬೆಳಕನ್ನು ಬಾಗಿಸುವುದರಲ್ಲಿ ಇದು 35 ಗ್ರಾಮಿನ ಸಮುದ್ರ ನೀರಿಗೆ ಸಮ. ಇದರಲ್ಲಿ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ಅಗ್ಗದ ಮಾಪಕಗಳಲ್ಲಿ ಎಷ್ಟೋ ಬಗೆಗಳು ಸಮುದ್ರ ನೀರಿಗಲ್ಲ, ಬರೀ ಅಡಿಗೆ ಉಪ್ಪಿನ ನೀರಿಗೆ ಗೆರೆ ಹಾಕಿದವು. ಮಾಪಕ 35 ತೋರಿಸಿದರೆ ಅದು ಸಮುದ್ರದ ಪಟ್ಟಿ, 36-37ರ ನಡುವೆ ತೋರಿಸಿದರೆ ಅಡಿಗೆ ಉಪ್ಪಿನ ಪಟ್ಟಿ. ಎರಡೂ ಅಲ್ಲದೆ ದೂರ ಹೋದರೆ, ಈ ದ್ರಾವಣದಲ್ಲಿಯೇ ತಿರುಪು ತಿರುಗಿಸಿ 35ಕ್ಕೆ ತಂದುಕೊಂಡರೆ ಆ ಮಾಪಕವೂ ಕೆಲಸಕ್ಕೆ ಬರುತ್ತದೆ.

ಬಿಸಿಲಿನ ವಿಷಯ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಪಟ್ಟಿಯ ಗೆರೆಗಳು 20 ಡಿಗ್ರಿ ಸೆಲ್ಸಿಯಸ್ಸಿಗೆ ಹಾಕಿದವು. ತಾನಾಗಿ ಉಷ್ಣತೆ ಹೊಂದಿಸಿಕೊಳ್ಳುವ ಮಾಪಕಗಳಲ್ಲಿಯೂ ಆ ಹೊಂದಾಣಿಕೆ ಸಾಮಾನ್ಯವಾಗಿ 10ರಿಂದ 30 ಡಿಗ್ರಿಯೊಳಗೆ ಮಾತ್ರ. ನಮ್ಮಲ್ಲಿ ಮಾರ್ಚ್ ಬಂತೆಂದರೆ ಹೊಲದಲ್ಲಿ ಅದು ದಾಟಿಹೋಯಿತು. ಹೊಂದಾಣಿಕೆ ಇಲ್ಲದಿದ್ದರೆ ಹತ್ತು ಡಿಗ್ರಿಗೆ ಸುಮಾರು ಮುಕ್ಕಾಲು ಬ್ರಿಕ್ಸ್ ತಪ್ಪುತ್ತದೆ. ಉಪ್ಪಿನ ಪಟ್ಟಿಯಲ್ಲಿ ಆರು ಗೆರೆ ತಪ್ಪುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ನೋಡಬೇಕು. ಹನಿ ಹಾಕಿ ಅರ್ಧ ನಿಮಿಷ ಬಿಟ್ಟು ಓದಬೇಕು. ಬಳಸಿದ ಕೂಡಲೇ ಪಟ್ಟಕವನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ರಸ ಅಂಟಿ ಒಣಗಿ ಮುಂದಿನ ಅಳತೆ ಕೆಡುತ್ತದೆ. ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಪಾನಾಗಳ ಜೊತೆ ಇಟ್ಟ ಮಾಪಕಗಳ ಗತಿಯನ್ನು ನಾನು ನೋಡಿದ್ದೇನೆ.

ಇನ್ನು ಬಾವಿಯ ನೀರಿಗೆ ಮರಳೋಣ. ಇ.ಸಿ. ಪೆನ್ನು ಕೂಡ ಎಲ್ಲವನ್ನೂ ಹೇಳದು. ಉಪ್ಪು ಎಷ್ಟು ಎನ್ನುತ್ತದೆ, ಯಾವ ಉಪ್ಪು ಎನ್ನುವುದಿಲ್ಲ. ನಮ್ಮ ತಾಯಂದಿರು ಬೇಳೆ ಬೇಗ ಬೆಂದರೆ ಒಳ್ಳೆಯ ನೀರು, ಬೇಯದಿದ್ದರೆ ಸವಳು ನೀರು ಎನ್ನುತ್ತಾರೆ. ಅಡಿಗೆ ಮನೆಗೆ ಆ ಮಾತು ಸರಿ. ಸುಣ್ಣ ಮತ್ತು ಮೆಗ್ನೀಸಿಯಂ ಹೆಚ್ಚಿದ್ದ ಗಡಸು ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆ ಬಾರದು. ಆದರೆ ಸೋಡಾದ ಅಂಶ ಹೆಚ್ಚಿದ್ದ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ. ಬೇಳೆಗೆ ನಾವೇ ಚಿಟಿಕೆ ಸೋಡಾ ಹಾಕುವುದಿಲ್ಲವೇ? ಎರೆ ಭೂಮಿಗೆ ಅತ್ಯಂತ ಕೆಟ್ಟ ನೀರು ಅದೇ. ಸೋಡಿಯಂ ಸೇರಿದ ಎರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಚೆದುರಿ ಸಂದುಗಳನ್ನು ಮುಚ್ಚುತ್ತವೆ. ಮೇಲೆ ನೀರು ನಿಲ್ಲುತ್ತದೆ, ಒಣಗಿದರೆ ಗುದ್ದಲಿ ಇಳಿಯದಂಥ ಹೆಂಟೆ. ಇಂಥ ನೀರಿನ ಇ.ಸಿ. ಒಂದೋ ಒಂದೂವರೆಯೋ ಇದ್ದು ಪೆನ್ನು "ಪರವಾಗಿಲ್ಲ" ಎನ್ನಬಹುದು. ಇದನ್ನು ಪ್ರಯೋಗಶಾಲೆಯಲ್ಲಿ ಉಳಿಕೆ ಸೋಡಿಯಂ ಕಾರ್ಬೋನೇಟ್ ಎಂಬ ಪರೀಕ್ಷೆಯಿಂದಲೇ ತಿಳಿಯಬೇಕು. ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ದಾಟಿದ ನೀರು ಹಾಗೆಯೇ ಬಳಸಲು ಯೋಗ್ಯವಲ್ಲ. ಜಿಪ್ಸಂ ಎಷ್ಟು ಬೇಕೆಂಬುದೂ ಆ ಪರೀಕ್ಷೆಯ ಮೇಲೆಯೇ ನಿಂತಿದೆ. ಮುಂಡರಗಿ ಕಡೆಯವರನ್ನು ಕಾಡುವ ಫ್ಲೋರೈಡನ್ನು ಪೆನ್ನಾಗಲಿ ರಿಫ್ರ್ಯಾಕ್ಟೋಮೀಟರಾಗಲಿ ತೋರಿಸಲಾರದು. ಪೆನ್ನಿನ ಅಂಕಿ ಚಲೋ ಬಂತೆಂದು ಯಾರೂ ಬೋರಿನ ನೀರನ್ನು ಕುಡಿಯಲು ತೊಡಗಬಾರದು.

ಹೀಗಿರುವಾಗ ಪ್ರತಿ ಮನೆಗೂ ಒಂದು ಮಾಪಕ ಏಕೆ? ವರ್ಷಕ್ಕೆ ಎರಡು ದಿನದ ಕೆಲಸ ಅದರದು. ಉಳಿದ ದಿನ ಕಪಾಟಿನಲ್ಲಿ ಬ್ಯಾಟರಿ ಸೋರುತ್ತ ಕೂರುತ್ತದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಒಂದು ಒಳ್ಳೆಯ ಇ.ಸಿ. ಮಾಪಕವನ್ನೂ ದ್ರಾವಣದ ಬಾಟಲಿಯನ್ನೂ ಇಟ್ಟುಕೊಂಡರೆ ಇಡೀ ಊರಿಗೆ ಸಾಕು. ಕಬ್ಬಿನ ಊರಾದರೆ ಸಕ್ಕರೆಯ ರಿಫ್ರ್ಯಾಕ್ಟೋಮೀಟರ್ ಒಂದು ಹೆಚ್ಚು. ಒಂದು ಬೋರು ಕೊರೆಸುವ ಖರ್ಚಿನ ಎದುರು ಇದು ಲೆಕ್ಕಕ್ಕೇ ಬಾರದು. ನಮ್ಮ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿದ್ದು ಗದಗ ತಾಲೂಕಿನ ಕಣಗಿನಹಾಳದಲ್ಲಿ. ಹುಲಕೋಟಿಯವರಿಗೆ ಸಹಕಾರದ ಪಾಠವನ್ನು ಹೊರಗಿನವರು ಹೇಳಬೇಕಾಗಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಬರುವುದು ನನಗೆ ಗೊತ್ತು. ಎಲ್ಲರದೂ ಆದ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ, ಸಂಘದ ಕಾರ್ಯದರ್ಶಿಗೆ ಸಾಲದ ಕಾಗದಪತ್ರಗಳೇ ಸಾಕಷ್ಟು ಎನ್ನುತ್ತಾರೆ. ನಿಜವಿದೆ. ಆದ್ದರಿಂದ ಮಾಪಕವನ್ನು ಕೈಗಡ ಕೊಡುವ ಪದ್ಧತಿಯೇ ಬೇಡ. ಅದು ಸಂಘದಿಂದ ಹೊರಗೆ ಹೋಗಬಾರದು, ನೀರು ಒಳಗೆ ಬರಬೇಕು. ಮೇ ತಿಂಗಳಲ್ಲಿ ಮಳೆಗೆ ಮೊದಲು ಒಂದು ದಿನ, ನವೆಂಬರಿನಲ್ಲಿ ಒಂದು ದಿನ ಗೊತ್ತು ಮಾಡಿ ಡಂಗುರ ಹೊಡೆಸಿದರೆ ಎಲ್ಲರೂ ಬಾಟಲಿ ತರುತ್ತಾರೆ. ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಎರಡು ತಾಸು ಕೂತರೆ ಮಕ್ಕಳೇ ಅಳೆದು ಕೊಟ್ಟಾರು. ಅಂಕಿಗಳನ್ನು ಒಂದು ದಪ್ಪ ವಹಿಯಲ್ಲಿ ಬಾವಿಗೊಂದು ಪುಟದಂತೆ ಬರೆದಿಡಬೇಕು. ಮಾಪಕಕ್ಕಿಂತ ಹೆಚ್ಚಿನ ಬೆಲೆ ನಾನು ಕಟ್ಟುವುದು ಈ ವಹಿಗೆ. ಒಂದು ಬಾವಿಯ ಇ.ಸಿ. ನಾಲ್ಕು ವರ್ಷಗಳಲ್ಲಿ 0.9ರಿಂದ 1.8ಕ್ಕೆ ಏರುತ್ತ ಬಂದಿದೆಯೆಂದು ವಹಿ ತೋರಿಸಿದರೆ, ಆ ಹೊಲದಲ್ಲಿ ಬೆಳ್ಳನೆಯ ಪುಡಿ ಕಾಣುವ ಮೊದಲೇ ಉಳ್ಳಾಗಡ್ಡಿ ಬಿಟ್ಟು ಜೋಳಕ್ಕೋ ಗೋಧಿಗೋ ಹೋಗಬಹುದು, ಕೃಷಿಹೊಂಡದ ಮಳೆನೀರನ್ನು ಬೆರೆಸಿ ಹಾಯಿಸಬಹುದು. ಹೊಸ ಬೋರು ಕೊರೆಸುವವರಿಗೂ ಅಕ್ಕಪಕ್ಕದ ಬಾವಿಗಳ ಆಳ ಮತ್ತು ಇ.ಸಿ. ಒಂದೇ ಕಡೆ ನೋಡಲು ಸಿಗುತ್ತದೆ.

ನೀರನ್ನು ತರುವ ರೀತಿಯೂ ಮುಖ್ಯ. ಪಂಪು ಹಚ್ಚಿದ ಕೂಡಲೇ ಬರುವುದು ಪೈಪಿನಲ್ಲಿ ನಿಂತ ನೀರು, ಅದು ಬೇಡ. ಅರ್ಧ ತಾಸು ಹರಿಯಲು ಬಿಡಬೇಕು. ಎಣ್ಣೆಯ ಡಬ್ಬಿ, ಔಷಧದ ಬಾಟಲಿ ಬೇಡವೇ ಬೇಡ. ಕುಡಿಯುವ ನೀರಿನ ಖಾಲಿ ಬಾಟಲಿಯನ್ನು ಅದೇ ಬಾವಿಯ ನೀರಿನಿಂದ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಬಾಯಿಯವರೆಗೆ ತುಂಬಿ ಬಿರಡೆ ಬಿಗಿಯಬೇಕು. ಪ್ರಯೋಗಶಾಲೆಗೆ ಕಳಿಸುವುದಿದ್ದರೆ ಅಂದೇ ಇಲ್ಲವೇ ಮರುದಿನ ಮುಟ್ಟಿಸಬೇಕು. ರೈತರ ಹೆಸರು, ಸರ್ವೆ ನಂಬರು, ಬಾವಿಯ ಆಳ, ತಾರೀಖು, ಈಗಿರುವ ಬೆಳೆ ಇಷ್ಟನ್ನು ಚೀಟಿಯಲ್ಲಿ ಬರೆದು ಬಾಟಲಿಗೆ ಕಟ್ಟಿರಿ. ಪೆನ್ಸಿಲಿನಿಂದ ಬರೆಯಿರಿ, ಶಾಯಿಯ ಅಕ್ಷರ ನೀರು ತಾಗಿದರೆ ಅಳಿದುಹೋಗುತ್ತದೆ.